ಚಿತ್ರದ ಮೇಲೆ ಕನ್ನಡ ಬರೆಯಲು ಇಮೇಜ್‌ಮ್ಯಾಜಿಕ್ ಕಂಪೈಲ್ ಮಾಡುತ್ತಿದ್ದೇನೆ, ದಿನಕ್ಕೊಂದು ಎರರ್

ಹಾವೇರಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಶಿಕ್ಷಕ, ಕಂಪ್ಯೂಟರ್ ಓದಿದವನಲ್ಲ. ನಮ್ಮ ಮಕ್ಕಳ ಪೋಷಕರ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ಒಂದು ಗಾದೆಯನ್ನು ಚಿತ್ರದ ಮೇಲೆ ಬರೆದು ಹಾಕಬೇಕು ಅಂತ ಆಸೆ. ಬೇಸಿಗೆ ರಜೆಯಲ್ಲಿ ಕೂತು 365 ಗಾದೆ ಟೈಪ್ ಮಾಡಿಟ್ಟೆ. ಮನೆಯಲ್ಲಿ ಉಬುಂಟು 22.04 (ಲಿನಕ್ಸ್) ಇರುವ ಹಳೇ ಕಂಪ್ಯೂಟರ್ ಇದೆ. ಅದರಲ್ಲಿ ಇಮೇಜ್‌ಮ್ಯಾಜಿಕ್ 6.9 ಮೊದಲೇ ಇತ್ತು, ಆಜ್ಞೆ ಬರೆದು ಚಿತ್ರ ತಯಾರಿಸುವ ಪ್ರೋಗ್ರಾಂ ಅದು. ಬೆಳಿಗ್ಗೆ 6ಕ್ಕೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಪ್ರೋಗ್ರಾಂ) ಒಂದು ಸ್ಕ್ರಿಪ್ಟ್ ಓಡಿಸುತ್ತದೆ, ಚಿತ್ರ ತಯಾರಾಗುತ್ತದೆ, ನಾನು ಗುಂಪಿಗೆ ಹಾಕುತ್ತೇನೆ.

ಮೊದಲ ದಿನ "ಕೈ ಕೆಸರಾದರೆ ಬಾಯಿ ಮೊಸರು". ಅಕ್ಷರ ಸ್ವಲ್ಪ ಒರಟಾಗಿದ್ದರೂ ಓದುವಂತಿತ್ತು, ಖುಷಿಯಾಯಿತು. ಎರಡನೇ ದಿನ "ಹಾಸಿಗೆ ಇದ್‌ದಷ್‌ಟು ಕಾಲು ಚಾಚು" ಅಂತ ಬಂತು! ಒತ್ತಕ್ಷರವೆಲ್ಲ ಬಿಡಿಬಿಡಿ. ಒಬ್ಬ ತಾಯಿ "ಸರ್, ಮಕ್ಕಳು ಹೀಗೇ ಬರೆಯೋದು ಕಲಿತರೆ?" ಅಂತ ಕೇಳಿದರು. ಆ ಮಾತು ಮನಸ್ಸಿಗೆ ತಾಗಿತು.

ಪರಿಚಯದ ಹುಡುಗನೊಬ್ಬ "ರಕ್ಮ್ ಸೇರಿಸಿ ಇಮೇಜ್‌ಮ್ಯಾಜಿಕ್ 7 ಅನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿ" ಅಂದ. ರಕ್ಮ್ ಅಂದರೆ ಒತ್ತಕ್ಷರ ಜೋಡಿಸುವ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್), ಕಂಪೈಲ್ ಅಂದರೆ ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಂ ಆಗಿ ನಾವೇ ಕಟ್ಟುವುದು. ಸೋರ್ಸ್ ಇಳಿಸಿ, ಬಿಚ್ಚಿ, ಕಾನ್ಫಿಗರ್ (ಕಟ್ಟುವ ಮೊದಲು ಕಂಪ್ಯೂಟರ್‌ನಲ್ಲಿ ಏನೇನಿದೆ ಅಂತ ನೋಡುವ ಸ್ಕ್ರಿಪ್ಟ್) ಓಡಿಸಿದರೆ ಸಿ ಕಂಪೈಲರ್ ಇಲ್ಲ ಅಂತು. ಬಿಲ್ಡ್ ಎಸೆನ್ಷಿಯಲ್ ಹಾಕಿಕೊಂಡೆ. ಆಮೇಲೆ ಕಾನ್ಫಿಗರ್ ಮುಗಿಯಿತು. ಕಟ್ಟುವ ಆಜ್ಞೆ ಮೇಕ್ 25 ನಿಮಿಷ ತೆಗೆದುಕೊಂಡಿತು. ಸುಡೋ ಮೇಕ್ ಇನ್‌ಸ್ಟಾಲ್ ಕೂಡ ಸರಿಯಾಗಿ ಆಯಿತು. ಈಗ ಮ್ಯಾಜಿಕ್ ಅಂತ ಟೈಪ್ ಮಾಡಿದರೆ ಲಿಬ್‌ಮ್ಯಾಜಿಕ್‌ಕೋರ್ 7 ಅನ್ನೋ ಶೇರ್ಡ್ ಫೈಲ್ ತೆರೆಯಲು ಆಗಲಿಲ್ಲ ಅನ್ನುತ್ತದೆ. ಇನ್‌ಸ್ಟಾಲ್ ಆಗಿದೆಯಲ್ಲ, ಮತ್ತೆ ಯಾಕೆ ಸಿಗುತ್ತಿಲ್ಲ?

ಶಿರಸಿ ಟರ್ಮಿನಲ್:
ಸುಡೋ ಎಲ್‌ಡಿಕಾನ್ಫಿಗ್. ಅಷ್ಟೇ.

ಹಾವೇರಿ ಮೇಷ್ಟ್ರು:
ಅಯ್ಯೋ, ಒಂದೇ ಮಾತಿಗೆ ಸರಿಹೋಯಿತು! ಎರಡು ದಿನ ಒದ್ದಾಡಿದ್ದೆ ಸರ್. ಯಾಕೆ ಅಂತ ಸ್ವಲ್ಪ ಹೇಳುತ್ತೀರಾ?

ಶಿರಸಿ ಟರ್ಮಿನಲ್:
ನೀವು ಕಂಪೈಲ್ ಮಾಡಿದ್ದು ಯುಎಸ್‌ಆರ್ ಲೋಕಲ್ ಲಿಬ್ ಫೋಲ್ಡರ್‌ಗೆ ಹೋಗಿ ಕೂರುತ್ತದೆ. ಪ್ರೋಗ್ರಾಂ ಶುರುವಾಗುವಾಗ ಸಿಸ್ಟಂ ಎಲ್ಲಾ ಫೋಲ್ಡರ್ ಹುಡುಕುವುದಿಲ್ಲ. ಯಾವ ಲೈಬ್ರರಿ ಎಲ್ಲಿದೆ ಅಂತ ಒಂದು ಪಟ್ಟಿ ಮೊದಲೇ ಮಾಡಿಟ್ಟುಕೊಂಡಿರುತ್ತದೆ, ಅದನ್ನು ನೋಡುತ್ತದೆ. ಹೊಸ ಲೈಬ್ರರಿ ಆ ಪಟ್ಟಿಗೆ ಸೇರಿರಲಿಲ್ಲ. ಎಲ್‌ಡಿಕಾನ್ಫಿಗ್ ಪಟ್ಟಿಯನ್ನು ಮತ್ತೆ ಬರೆಯಿತು. ಉಬುಂಟುವಿನ ಪ್ಯಾಕೇಜ್ ಹಾಕುವ ಆಜ್ಞೆಯಾದ ಆಪ್ಟ್‌ನಿಂದ ಹಾಕಿದಾಗ ಇದನ್ನು ಅದೇ ಮಾಡಿಕೊಳ್ಳುತ್ತದೆ. ಕೈಯಾರೆ ಹಾಕಿದಾಗ ನಾವೇ ಮಾಡಬೇಕು.

ಕರಾವಳಿ ಕೋಡ್:
ಮೇಷ್ಟ್ರೇ, ಒಂದು ನಿಮಿಷ. ನಿಮಗೆ ಕಂಪೈಲ್ ಮಾಡುವ ಅಗತ್ಯವೇ ಇರಲಿಲ್ಲ! ಉಬುಂಟು ಕೊಡುವ 6.9ರಲ್ಲಿ ಕನ್ವರ್ಟ್ ಹೈಫನ್ ವರ್ಷನ್ ಅಂತ ಹೊಡೆದು ಡೆಲಿಗೇಟ್ಸ್ ಅನ್ನೋ ಸಾಲು ನೋಡಿ. ಅದರಲ್ಲಿ ರಕ್ಮ್ ಇಲ್ಲ, ನಿಜ. ಆದರೆ ಪ್ಯಾಂಗೋಕೈರೋ ಇದೆ, ಅಂದರೆ ಪಠ್ಯ ಬಿಡಿಸುವ ಪ್ಯಾಂಗೋ ಲೈಬ್ರರಿ. ಅಕ್ಷರ ಜೋಡಿಸುವ ಕೆಲಸವನ್ನು ಪ್ಯಾಂಗೋ ಹಾರ್ಫ್‌ಬಜ್ ಅನ್ನೋ ಇನ್ನೊಂದು ಲೈಬ್ರರಿ ಹತ್ತಿರ ಮಾಡಿಸುತ್ತದೆ, ಒತ್ತಕ್ಷರ ಸರಿಯಾಗಿ ಬರುತ್ತದೆ. ಚಿತ್ರದ ಮೇಲೆ ಅಕ್ಷರ ಬರೆಯುವ ಆನೋಟೇಟ್ ಬಳಸುವ ಬದಲು ಪ್ಯಾಂಗೋ ಕೋಲನ್ ಅಂತ ಬರೆದು ಮುಂದೆ ಗಾದೆ ಕೊಡಿ. ಬರುವ ಅಕ್ಷರದ ಚಿತ್ರವನ್ನು ನಿಮ್ಮ ಹಿನ್ನೆಲೆ ಚಿತ್ರದ ಮೇಲೆ ಕಾಂಪೋಸಿಟ್ ಮಾಡಿ, ಅಂದರೆ ಕೂರಿಸಿ. ಐದು ನಿಮಿಷದ ಕೆಲಸ.

ಒತ್ತಕ್ಷರ ಪ್ರೇಮಿ:
ಐದು ನಿಮಿಷ ಅಂತ ಹೇಳಬೇಡಿ ಸರ್, ನಾನು ಅದೇ ದಾರಿಯಲ್ಲಿ ಒಂದು ಸಂಜೆ ಪೂರ್ತಿ ಕಳೆದಿದ್ದೇನೆ. ಗಾದೆಯನ್ನು ಫೈಲ್‌ನಿಂದ ಓದಿಸಲು ಪ್ಯಾಂಗೋ ಕೋಲನ್ ಆಟ್ ಅಂತ ಕೊಟ್ಟರೆ ಸೆಕ್ಯುರಿಟಿ ಪಾಲಿಸಿ ಬಿಡುವುದಿಲ್ಲ ಅನ್ನುತ್ತದೆ. ಆಟ್ ಚಿಹ್ನೆಯಿಂದ ಫೈಲ್ ಓದುವುದನ್ನು ಡೆಬಿಯನ್, ಉಬುಂಟು ಕೊಡುವ ಪಾಲಿಸಿ ಫೈಲ್‌ನಲ್ಲೇ ನಿಲ್ಲಿಸಿಟ್ಟಿದ್ದಾರೆ.

ಕರಾವಳಿ ಕೋಡ್:
ಅದು ಸರಿ, ನನಗೆ ಮರೆತುಹೋಗಿತ್ತು. ಹಾಗೆ ನಿಲ್ಲಿಸಿದ್ದಕ್ಕೆ ಕಾರಣವೂ ಇದೆ. 2016ರ ಮೇ ತಿಂಗಳಲ್ಲಿ ಇಮೇಜ್‌ಟ್ರಾಜಿಕ್ ಅಂತ ಹೆಸರಾದ ದೊಡ್ಡ ತೂತು ಹೊರಬಿತ್ತು. ಯಾರೋ ಅಪ್‌ಲೋಡ್ ಮಾಡಿದ ಚಿತ್ರದೊಳಗೆ ಅಡಗಿಸಿಟ್ಟ ಆಜ್ಞೆ ನಿಮ್ಮ ಸರ್ವರ್‌ನಲ್ಲಿ ಓಡುತ್ತಿತ್ತು. ಆಮೇಲೆ ಇಂಥ ಬಾಗಿಲುಗಳನ್ನೆಲ್ಲ ಮುಚ್ಚಿದರು. ಮೇಷ್ಟ್ರೇ, ಪಾಲಿಸಿ ತೆಗೆಯಲು ಹೋಗಬೇಡಿ. ಸ್ಕ್ರಿಪ್ಟ್‌ನಲ್ಲೇ ಸಾಲನ್ನು ಓದಿಕೊಂಡು ನೇರವಾಗಿ ಪ್ಯಾಂಗೋಗೆ ಕೊಡಿ.

ಇನ್ನೊಂದು, ಪ್ಯಾಂಗೋಗೆ ಫಾಂಟಿನ ಫೈಲ್ ಹೆಸರು ಕೊಟ್ಟರೆ ನಡೆಯುವುದಿಲ್ಲ. ನೋಟೋ ಸಾನ್ಸ್ ಕನ್ನಡ ಅಂತ ಫಾಂಟಿನ ಹೆಸರೇ ಬೇಕು. ನಿಮ್ಮಲ್ಲಿ ಯಾವ ಕನ್ನಡ ಫಾಂಟ್ ಇದೆ ಅಂತ ನೋಡಲು ಎಫ್‌ಸಿ ಲಿಸ್ಟ್ ಕೋಲನ್ ಲ್ಯಾಂಗ್ ಈಕ್ವಲ್ ಕೆಎನ್ ಅಂತ ಹೊಡೆಯಿರಿ.

ಹಾವೇರಿ ಮೇಷ್ಟ್ರು:
ತುಂಬಾ ಧನ್ಯವಾದ. ಆದರೆ ಇಷ್ಟು ದೂರ ಬಂದಿದ್ದೇನೆ, ಕಂಪೈಲ್ ಮಾಡಿದ್ದನ್ನೇ ಸರಿ ಮಾಡಿಕೊಳ್ಳುವ ಹಟ ಬಂದಿದೆ. ಏಳನ್ನು ಓಡಿಸಿ ನೋಡಿದೆ. ಈಗ ಹೊಸ ತಕರಾರು. "ನೋ ಡಿಕೋಡ್ ಡೆಲಿಗೇಟ್ ಫಾರ್ ದಿಸ್ ಇಮೇಜ್ ಫಾರ್ಮ್ಯಾಟ್ ಪಿಎನ್‌ಜಿ" ಅನ್ನುತ್ತದೆ. ಚಿತ್ರದ ಲೈಬ್ರರಿಗೆ ಪಿಎನ್‌ಜಿಯೇ ಗೊತ್ತಿಲ್ಲ ಅಂದರೆ ಹೇಗೆ!

ಗದಗ ಗ್ನೂ:
ಸರ್, ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. (ಆಜ್ಞೆಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲಿ ಹೊಡೆಯಿರಿ.)

ಇಮೇಜ್‌ಮ್ಯಾಜಿಕ್ ತಾನಾಗಿ ಪಿಎನ್‌ಜಿ ಓದುವುದಿಲ್ಲ, ಜೆಪೆಗ್ ಓದುವುದಿಲ್ಲ, ಫಾಂಟನ್ನೂ ಬಿಡಿಸುವುದಿಲ್ಲ. ಒಂದೊಂದು ಕೆಲಸಕ್ಕೂ ಹೊರಗಿನ ಒಂದೊಂದು ಲೈಬ್ರರಿಯನ್ನು ಕರೆಯುತ್ತದೆ. ಡೆಲಿಗೇಟ್ ಅಂದರೆ ಅದೇ. ಪಿಎನ್‌ಜಿಗೆ ಲಿಬ್‌ಪಿಎನ್‌ಜಿ, ಅಕ್ಷರಕ್ಕೆ ಫ್ರೀಟೈಪ್, ಒತ್ತಕ್ಷರಕ್ಕೆ ರಕ್ಮ್. 200ಕ್ಕೂ ಜಾಸ್ತಿ ಫಾರ್ಮ್ಯಾಟ್ ಬೆಂಬಲಿಸುತ್ತದೆ ಅಂತ ಹೇಳುವುದು ಇವರನ್ನೆಲ್ಲ ಸೇರಿಸಿಕೊಂಡೇ.

ನಿಮ್ಮ ಕಂಪ್ಯೂಟರ್‌ನಲ್ಲಿ ಲಿಬ್‌ಪಿಎನ್‌ಜಿ ಖಂಡಿತ ಇದೆ. ಇಲ್ಲದಿದ್ದರೆ ಡೆಸ್ಕ್‌ಟಾಪೇ ಓಡುತ್ತಿರಲಿಲ್ಲ. ಆದರೆ ಓಡಿಸಲು ಬೇಕಾದದ್ದೇ ಬೇರೆ, ಕಂಪೈಲ್ ಮಾಡಲು ಬೇಕಾದದ್ದೇ ಬೇರೆ. ಕಂಪೈಲರ್‌ಗೆ ಹೆಡರ್ ಫೈಲ್ ಬೇಕು, ಅಂದರೆ ಆ ಲೈಬ್ರರಿಯಲ್ಲಿ ಯಾವ ಯಾವ ಫಂಕ್ಷನ್ ಇದೆ ಅಂತ ಹೇಳುವ ಫೈಲ್. ಉಬುಂಟು ಅದನ್ನು ಡೆವ್ ಅಂತ ಕೊನೆಯಾಗುವ ಬೇರೆ ಪ್ಯಾಕೇಜ್‌ನಲ್ಲಿ ಇಡುತ್ತದೆ. ಫೆಡೋರಾದಲ್ಲಿ ಅದೇ ಡೆವೆಲ್. ಹೆಡರ್ ಸಿಗದಿದ್ದರೆ ಕಾನ್ಫಿಗರ್ ಎರರ್ ಕೊಟ್ಟು ನಿಲ್ಲುವುದಿಲ್ಲ, ಸುಮ್ನೆ ಆ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ನೀವು 25 ನಿಮಿಷ ಕಾದು ಕಟ್ಟಿದ್ದು ಪಿಎನ್‌ಜಿ ಇಲ್ಲದ, ರಕ್ಮ್ ಇಲ್ಲದ, ಬಹುಶಃ ಫ್ರೀಟೈಪ್ ಕೂಡ ಇಲ್ಲದ ಲೈಬ್ರರಿ.

ಕಾನ್ಫಿಗರ್ ಮುಗಿದಾಗ ಕೊನೆಯಲ್ಲಿ ಒಂದು ಕೋಷ್ಟಕ ಬರುತ್ತದೆ. ಎಡಗಡೆ ನೀವು ಕೇಳಿದ್ದು, ಬಲಗಡೆ ನಿಮಗೆ ಸಿಕ್ಕಿದ್ದು. ವಿತ್ ಪಿಎನ್‌ಜಿ ಈಕ್ವಲ್ ಯೆಸ್ ಅಂತ ಎಡಗಡೆ ಇದ್ದು, ಬಲಗಡೆ ನೋ ಅಂತ ಇರುತ್ತದೆ. ಆ ನೋ ನೋಡದೆ ಮೇಕ್ ಹೊಡೆಯಬೇಡಿ. ಮೇಲೆ ಸರಿದು ಹೋಗಿದ್ದರೆ ಕಾನ್ಫಿಗ್ ಡಾಟ್ ಲಾಗ್ ಫೈಲ್‌ನಲ್ಲಿ ಹುಡುಕಿ.

ಈಗ ಮಾಡಬೇಕಾದ್ದು: ಲಿಬ್‌ಪಿಎನ್‌ಜಿ ಡೆವ್, ಲಿಬ್‌ಜೆಪೆಗ್ ಡೆವ್, ಲಿಬ್‌ಫ್ರೀಟೈಪ್ ಡೆವ್, ಲಿಬ್‌ಫಾಂಟ್‌ಕಾನ್ಫಿಗ್ ಡೆವ್, ಲಿಬ್‌ರಕ್ಮ್ ಡೆವ್, ಜೊತೆಗೆ ಯಾವ ಲೈಬ್ರರಿ ಎಲ್ಲಿದೆ ಅಂತ ಹೇಳುವ ಪಿಕೆಜಿ ಕಾನ್ಫಿಗ್ ಹಾಕಿ. ರಕ್ಮ್‌ಗೆ ಬೇಕಾದ ಹಾರ್ಫ್‌ಬಜ್, ಫ್ರಿಬಿಡಿ (ಬಲದಿಂದ ಎಡಕ್ಕೆ ಬರೆಯುವ ಲಿಪಿ ನೋಡಿಕೊಳ್ಳುವ ಲೈಬ್ರರಿ) ಅದರ ಹಿಂದೆಯೇ ಬರುತ್ತವೆ. ಆಮೇಲೆ ಹಿಂದೆ ಕಟ್ಟಿದ್ದನ್ನೆಲ್ಲ ಅಳಿಸಲು ಮೇಕ್ ಡಿಸ್ಟ್‌ಕ್ಲೀನ್. ಇದನ್ನು ಮರೆಯಬೇಡಿ. ಮತ್ತೆ ಕಾನ್ಫಿಗರ್, ವಿತ್ ರಕ್ಮ್ ಈಕ್ವಲ್ ಯೆಸ್ ಸೇರಿಸಿ. ಕೋಷ್ಟಕದಲ್ಲಿ ಪಿಎನ್‌ಜಿ, ಫ್ರೀಟೈಪ್, ರಕ್ಮ್ ಮೂರಕ್ಕೂ ಬಲಗಡೆ ಯೆಸ್ ಬಂದರೆ ಮಾತ್ರ ಮುಂದೆ ಹೋಗಿ.

ಮಲೆನಾಡ ಬೈಟು:
ಪಿಕೆಜಿ ಕಾನ್ಫಿಗ್ ಬಗ್ಗೆ ಒಂದು ಮಾತು. ನಾನೊಮ್ಮೆ ರಕ್ಮ್ ಅನ್ನೂ ಸೋರ್ಸ್‌ನಿಂದಲೇ ಕಟ್ಟಿದೆ. ಎಲ್ಲಾ ಡೆವ್ ಪ್ಯಾಕೇಜ್ ಇದ್ದರೂ ಬಲಗಡೆ ನೋ ಅಂತಲೇ ಬರುತ್ತಿತ್ತು. ಕಾರಣ ಇಷ್ಟೇ, ನಾನು ಅದನ್ನು ಓಪಿಟಿ ಅನ್ನೋ ಫೋಲ್ಡರ್ ಒಳಗೆ ಹಾಕಿದ್ದೆ, ಪಿಕೆಜಿ ಕಾನ್ಫಿಗ್ ಅಲ್ಲಿ ನೋಡುತ್ತಿರಲಿಲ್ಲ. ಪಿಕೆಜಿ ಕಾನ್ಫಿಗ್ ಪಾತ್ ಅನ್ನೋ ವೇರಿಯೇಬಲ್‌ಗೆ ಆ ಫೋಲ್ಡರ್ ಸೇರಿಸಿದ ಮೇಲೆ ಸರಿಹೋಯಿತು.

ಶಿರಸಿ ಟರ್ಮಿನಲ್:
ಫ್ರೀಟೈಪ್, ಹಾರ್ಫ್‌ಬಜ್ ಎರಡನ್ನೂ ಸೋರ್ಸ್‌ನಿಂದ ಕಟ್ಟಲು ಹೋದರೆ ಇನ್ನೂ ತಮಾಷೆ. ಹಾರ್ಫ್‌ಬಜ್‌ಗೆ ಫ್ರೀಟೈಪ್ ಬೇಕು, ಫ್ರೀಟೈಪ್‌ಗೆ ಹಾರ್ಫ್‌ಬಜ್ ಬೇಕು. ಮೊದಲು ಹಾರ್ಫ್‌ಬಜ್ ಇಲ್ಲದೆ ಫ್ರೀಟೈಪ್ ಕಟ್ಟಬೇಕು, ಆಮೇಲೆ ಹಾರ್ಫ್‌ಬಜ್, ಆಮೇಲೆ ಮತ್ತೆ ಫ್ರೀಟೈಪ್. ಮೇಷ್ಟ್ರು ಅಷ್ಟು ದೂರ ಹೋಗುವುದು ಬೇಡ, ಡೆವ್ ಪ್ಯಾಕೇಜ್ ಸಾಕು.

ಬೆಂಗಳೂರು ಬ್ಯಾಕೆಂಡ್:
ಪೈಥಾನ್ ಬಳಸಿ. ಅದಕ್ಕೆ ಪಿಲ್ಲೋ ಅನ್ನೋ ಚಿತ್ರದ ಲೈಬ್ರರಿ ಇದೆ. ಪಿಪ್ ಇನ್‌ಸ್ಟಾಲ್ ಪಿಲ್ಲೋ. 2021ರ 8.2 ಆವೃತ್ತಿಯಿಂದ ರಕ್ಮ್ ಅದರ ಜೊತೆಗೇ ಬರುತ್ತದೆ. ಕಂಪೈಲೂ ಬೇಡ ಏನೂ ಬೇಡ.

ಒತ್ತಕ್ಷರ ಪ್ರೇಮಿ:
ಅಣ್ಣಾ, ಅರ್ಧ ಸರಿ. ರಕ್ಮ್ ಜೊತೆಗೆ ಬರುತ್ತದೆ, ಆದರೆ ಫ್ರಿಬಿಡಿ ನಮ್ಮ ಸಿಸ್ಟಂನಲ್ಲಿ ಇರಬೇಕು. ಓಡುವಾಗ ಅದನ್ನು ಹುಡುಕುತ್ತದೆ. ಸಿಗದಿದ್ದರೆ ಎರರ್ ಕೊಡುವುದಿಲ್ಲ, ಸುಮ್ನೆ ಬೇಸಿಕ್ ಲೇಔಟ್‌ಗೆ ಹೋಗುತ್ತದೆ. ಬೇಸಿಕ್ ಅಂದರೆ ಮತ್ತೆ ಒಡೆದ ಒತ್ತಕ್ಷರ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಫ್ರಿಬಿಡಿ ಸಾಮಾನ್ಯವಾಗಿ ಇರುತ್ತದೆ. ವಿಂಡೋಸ್‌ನಲ್ಲಿ ನಾವೇ ತಂದು ಹಾಕಬೇಕು. ಪಿಲ್ಲೋದ ಫೀಚರ್ಸ್ ಅನ್ನೋ ಮಾಡ್ಯೂಲ್‌ನಲ್ಲಿ ಚೆಕ್ ರಕ್ಮ್ ಅಂತ ಕೇಳಿ, ಟ್ರೂ ಬಂದರೆ ಮಾತ್ರ ನಂಬಿ.

ನಾನು ಕೆಲಸ ಮಾಡುವ ಕಡೆ ಹೀಗೇ ಆಯಿತು. ಪ್ರಮಾಣಪತ್ರಕ್ಕೆ ಹೆಸರು ಹಾಕುವ ಪ್ರೋಗ್ರಾಂ. ಪರೀಕ್ಷೆ ಮಾಡಿದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. "ಬಸವರಾಜ" ಅಂತ ಹಾಕಿ ನೋಡಿದರು, ಸರಿ ಕಂಡಿತು, ಬಿಟ್ಟರು. ಒತ್ತಕ್ಷರವೇ ಇಲ್ಲದ ಹೆಸರು ಅದು! ಆಮೇಲೆ ಮಲ್ಲಮ್ಮ, ಸಿದ್ದಪ್ಪ, ಲಕ್ಷ್ಮಿ ಎಲ್ಲರ ಹೆಸರೂ ಒಡೆದು ಬಂತು. ಒಬ್ಬ ಅಜ್ಜಿ ತಮ್ಮ ಹೆಸರು ನೋಡಿ "ಇದು ನಂದಲ್ಲ" ಅಂದರು. ನಾನು ಮನೆಗೆ ಬಂದರೂ ಅದೇ ಕಾಡುತ್ತಿತ್ತು.

ಗದಗ ಗ್ನೂ:
ಹಿಂದಿಯಲ್ಲಾದರೆ ಇಕಾರ ಅಕ್ಷರದ ಎಡಕ್ಕೆ ಹೋಗಬೇಕು, ಹೋಗದಿದ್ದರೆ ಯಾರಿಗಾದರೂ ಬೇಗ ಗೊತ್ತಾಗುತ್ತದೆ. ಕನ್ನಡದಲ್ಲಿ ಆ ತೊಂದರೆ ಇಲ್ಲ, ಅದಕ್ಕೇ ತಪ್ಪು ಅಡಗಿಕೊಂಡು ಕೂರುತ್ತದೆ. ನಾನು ಯಾವ ಲೈಬ್ರರಿ ಕಟ್ಟಿದರೂ ಮೊದಲು ಐದು ಪದ ಹಾಕಿ ನೋಡುತ್ತೇನೆ: ಅಕ್ಕ, ಕರ್ನಾಟಕ, ರಾಷ್ಟ್ರ, ಜ್ಞಾನ, ರ‍್ಯಾಂಕ್. ಅಕ್ಕದಲ್ಲಿ ಒಂದು ಒತ್ತು. ಕರ್ನಾಟಕದಲ್ಲಿ ಅರ್ಕಾವತ್ತು ನಾ ಆದ ಮೇಲೆ ಬರಬೇಕು. ರಾಷ್ಟ್ರದಲ್ಲಿ ಒತ್ತಿನ ಕೆಳಗೆ ಒತ್ತು. ಕೊನೆಯದು ತುಂಬಾ ಕಷ್ಟದ್ದು.

ಮಲೆನಾಡ ಬೈಟು:
ರ‍್ಯಾಂಕ್ ಯಾಕೆ ಕಷ್ಟ?

ಗದಗ ಗ್ನೂ:
ರ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಯ ಅಂತ ಬರೆದರೆ ಅದು ಸೂರ್ಯದ ರ್ಯ ಆಗುತ್ತದೆ, ಅಂದರೆ ಅರ್ಕಾವತ್ತು. ನಮಗೆ ಬೇಕಾದದ್ದು ಪೂರ್ತಿ ರ, ಅದರ ಕೆಳಗೆ ಯ ಒತ್ತು. ಅದಕ್ಕೆ ರ ಆದ ಮೇಲೆ, ವಿರಾಮಕ್ಕೆ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಕವನ್ನು ಹಾಕಬೇಕು, ಝಡ್‌ಡಬ್ಲ್ಯೂಜೆ ಅಂತಾರೆ. ಹಳೇ ಹಾರ್ಫ್‌ಬಜ್ ಅಥವಾ ಹಳೇ ಫಾಂಟ್ ಇದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ದಾವಣಗೆರೆ ಪ್ರೆಸ್:
ನಮ್ಮದು ಪ್ರಿಂಟಿಂಗ್ ಕೆಲಸ, ವಿಷಯ ಸ್ವಲ್ಪ ಬೇರೆ ಕಡೆ ಹೋದರೆ ಕ್ಷಮಿಸಿ. ಊರಿನಲ್ಲಿ ಎಷ್ಟು ಫ್ಲೆಕ್ಸ್‌ಗಳಲ್ಲಿ "ಕರ್‌ನಾಟಕ" ಅಂತ ಇರುತ್ತದೆ ನೋಡಿದ್ದೀರಾ? ಬರೆದವರಿಗೆ ಕನ್ನಡ ಬರಲ್ಲ ಅಂತ ಜನ ಬೈಯುತ್ತಾರೆ. ಹುಡುಗ ಸರಿಯಾಗೇ ಟೈಪ್ ಮಾಡಿರುತ್ತಾನೆ. ಹಳೇ ಫೋಟೋಶಾಪ್‌ನಲ್ಲಿ ಟೈಪ್ ಸೆಟ್ಟಿಂಗ್‌ಗೆ ಹೋಗಿ ಸೌತ್ ಏಷ್ಯನ್ ಅಂತ ಇರುವುದನ್ನು ಆರಿಸಬೇಕು, ಅದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ನಮ್ಮ ಕಡೆ ಇನ್ನೂ ನುಡಿ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲೇ ಕೆಲಸ ನಡೆಯುತ್ತದೆ. ಅದರಲ್ಲಿ ಒತ್ತುಗಳು ಬಿಡಿ ಬಿಡಿ ಅಕ್ಷರವಾಗೇ ಇರುವುದರಿಂದ ಯಾವ ಲೈಬ್ರರಿಯ ಹಂಗೂ ಇಲ್ಲ.

ಬೆಂಗಳೂರು ಬ್ಯಾಕೆಂಡ್:
ಹಂಗಿಲ್ಲ ಸರಿ, ಆದರೆ ಆ ಪಠ್ಯವನ್ನು ಹುಡುಕಲು ಆಗುವುದಿಲ್ಲ, ಬೇರೆ ಫಾಂಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಬರುತ್ತದೆ. ಯೂನಿಕೋಡ್‌ಗೆ ಬನ್ನಿ ಸರ್.

ದಾವಣಗೆರೆ ಪ್ರೆಸ್:
ಬರುತ್ತೇವೆ. ಆದರೆ 20 ವರ್ಷದ ಫೈಲ್‌ಗಳಿವೆ, ಮದುವೆ ಸೀಸನ್‌ನಲ್ಲಿ ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾರೆ. ಅಷ್ಟು ಸುಲಭ ಅಲ್ಲ.

ಮಲೆನಾಡ ಬೈಟು:
ಇಂಕ್‌ಸ್ಕೇಪ್, ಗಿಂಪ್ ಎರಡೂ ಪ್ಯಾಂಗೋ ಬಳಸುತ್ತವೆ. ಯೂನಿಕೋಡ್ ಕನ್ನಡ ಯಾವ ಸೆಟ್ಟಿಂಗೂ ಇಲ್ಲದೆ ಸರಿಯಾಗಿ ಬರುತ್ತದೆ. ಒಂದು ಲಗ್ನಪತ್ರಿಕೆ ಅದರಲ್ಲಿ ಮಾಡಿ ನೋಡಿ.

ಹಾವೇರಿ ಮೇಷ್ಟ್ರು:
ಬಂತು!! ಗದಗದವರು ಹೇಳಿದ ಹಾಗೆಯೇ ಮಾಡಿದೆ. ಕೋಷ್ಟಕದಲ್ಲಿ ಮೊದಲ ಸಲ ಎಲ್ಲಾ ನೋ ಇದ್ದದ್ದು ಈಗ ಯೆಸ್. ವರ್ಷನ್ ಕೇಳಿದರೆ ಡೆಲಿಗೇಟ್ಸ್ ಸಾಲಿನಲ್ಲಿ ರಕ್ಮ್ ಇದೆ. ಐದು ಪದವನ್ನೂ ಹಾಕಿ ನೋಡಿದೆ, ರ‍್ಯಾಂಕ್ ಕೂಡ ಸರಿ ಬಂತು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಪರದೆ ಮೇಲೆ ಕಂಡಾಗ ಮನೆಯವರನ್ನು ಕರೆದು ತೋರಿಸಿದೆ. ಈ ಸಲ ಮೇಕ್ ಹೈಫನ್ ಜೆ ಅಂತ ಕೊಟ್ಟರೆ ಬೇಗ ಆಗುತ್ತದೆ ಅಂತ ಎಲ್ಲೋ ಓದಿ ಹಾಗೇ ಕೊಟ್ಟೆ, ಕಂಪ್ಯೂಟರ್ ಪೂರ್ತಿ ನಿಂತುಹೋಯಿತು. ಆಫ್ ಮಾಡಿ ಮತ್ತೆ ಶುರು ಮಾಡಬೇಕಾಯಿತು.

ಶಿರಸಿ ಟರ್ಮಿನಲ್:
ಜೆ ಆದ ಮೇಲೆ ಸಂಖ್ಯೆ ಕೊಡಬೇಕು ಸರ್. ಬರೀ ಜೆ ಅಂದರೆ ಮಿತಿಯೇ ಇಲ್ಲ, ಆದಷ್ಟೂ ಕೆಲಸವನ್ನು ಒಟ್ಟಿಗೆ ಶುರು ಮಾಡುತ್ತದೆ, ರ‍್ಯಾಮ್ ತುಂಬಿಹೋಗುತ್ತದೆ. ಹಳೇ ಯಂತ್ರಕ್ಕೆ ಜೆ 2 ಸಾಕು.

ಕರಾವಳಿ ಕೋಡ್:
ಅಭಿನಂದನೆ ಮೇಷ್ಟ್ರೇ. ಆದರೂ ನನ್ನ ಮಾತು ಅದೇ. ನಾಳೆ ಇಮೇಜ್‌ಮ್ಯಾಜಿಕ್‌ನಲ್ಲಿ ಇನ್ನೊಂದು ತೂತು ಕಂಡರೆ ಉಬುಂಟು ತನ್ನ 6.9ಕ್ಕೆ ತೇಪೆ ಹಾಕುತ್ತದೆ. ನೀವು ಕಟ್ಟಿದ ಏಳಕ್ಕೆ ಯಾರೂ ಹಾಕುವುದಿಲ್ಲ, ನೀವೇ ಮತ್ತೆ ಸೋರ್ಸ್ ಇಳಿಸಿ ಕಟ್ಟಬೇಕು. ಶಾಲೆಯ ಸರ್ವರ್‌ನಲ್ಲಿ, ಮಕ್ಕಳು ಚಿತ್ರ ಅಪ್‌ಲೋಡ್ ಮಾಡುವ ಕಡೆ ಇದನ್ನು ಮಾಡಬೇಡಿ.

ಗದಗ ಗ್ನೂ:
ಇದನ್ನು ನಾನೂ ಒಪ್ಪುತ್ತೇನೆ. ಆದರೆ ಮನೆಯ ಕಂಪ್ಯೂಟರ್, ತಮ್ಮದೇ ಚಿತ್ರ, ತಮ್ಮದೇ ಗಾದೆ, ಇಷ್ಟಕ್ಕೆ ಅಪಾಯ ಕಡಿಮೆ. ಮೇಲಾಗಿ ಮೇಷ್ಟ್ರು ಈ ವಾರದಲ್ಲಿ ಕಲಿತದ್ದನ್ನು ಪ್ಯಾಂಗೋ ಕಲಿಸುತ್ತಿರಲಿಲ್ಲ.

ಕರಾವಳಿ ಕೋಡ್:
ಕಲಿಯಲು ಬೇಡ ಅಂದೆನಾ? ಅವರಿಗೆ ಬೇಕಿದ್ದದ್ದು ಬೆಳಿಗ್ಗೆ 6ಕ್ಕೆ ಒಂದು ಚಿತ್ರ. ಅದು ಮೊದಲ ದಿನವೇ ಆಗುತ್ತಿತ್ತು ಅಂತ ಹೇಳಿದೆ.

ಒತ್ತಕ್ಷರ ಪ್ರೇಮಿ:
ಇಬ್ಬರೂ ಸರಿ ಇದ್ದೀರಿ, ಜಗಳ ಬೇಡ. ಒಂದು ವಿಷಯ, ರಕ್ಮ್ ಅಂದರೆ ಅರಬ್ಬಿಯಲ್ಲಿ ಬರಹ ಅಂತಲೂ ಅಂಕಿ ಅಂತಲೂ ಅರ್ಥವಂತೆ. ಅರಬ್ಬಿ ಲಿಪಿಗೆ ಒದ್ದಾಡಿದವರು ಮಾಡಿದ್ದು ನಮ್ಮ ಒತ್ತಕ್ಷರಕ್ಕೂ ಒದಗಿತು. ನನಗೆ ಅದು ತುಂಬಾ ಇಷ್ಟವಾಯಿತು.

ಹಾವೇರಿ ಮೇಷ್ಟ್ರು:
ಕ್ಷಮಿಸಿ, ಮತ್ತೆ ಬಂದೆ. ಟರ್ಮಿನಲ್‌ನಲ್ಲಿ ನಾನೇ ಸ್ಕ್ರಿಪ್ಟ್ ಓಡಿಸಿದರೆ ಚೆನ್ನಾಗಿ ಬರುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ಕ್ರಾನ್ ಓಡಿಸಿದಾಗ ಮತ್ತೆ ಒಡೆದ ಒತ್ತಕ್ಷರವೇ! ಅದೇ ಸ್ಕ್ರಿಪ್ಟ್, ಅದೇ ಕಂಪ್ಯೂಟರ್. ಗುಂಪಿಗೆ ಹಾಕದೆ ಬಿಟ್ಟೆ.

ಮಲೆನಾಡ ಬೈಟು:
ಸ್ಕ್ರಿಪ್ಟ್‌ನಲ್ಲಿ ಮ್ಯಾಜಿಕ್ ಅಂತ ಇದೆಯಾ, ಕನ್ವರ್ಟ್ ಅಂತ ಇದೆಯಾ?

ಹಾವೇರಿ ಮೇಷ್ಟ್ರು:
ಕನ್ವರ್ಟ್. ಮೊದಲಿನಿಂದ ಇದ್ದದ್ದನ್ನು ಬದಲಿಸಲಿಲ್ಲ. ಟರ್ಮಿನಲ್‌ನಲ್ಲಿ ಏನೋ ಎಚ್ಚರಿಕೆ ಬರುತ್ತಿತ್ತು, ಚಿತ್ರ ಸರಿ ಬಂತಲ್ಲ ಅಂತ ಬಿಟ್ಟಿದ್ದೆ.

ಮಲೆನಾಡ ಬೈಟು:
ಸಿಕ್ಕಿತು. ಈಗ ನಿಮ್ಮಲ್ಲಿ ಎರಡು ಕನ್ವರ್ಟ್ ಇವೆ. ಯುಎಸ್‌ಆರ್ ಬಿನ್‌ನಲ್ಲಿ ಹಳೇ 6.9, ಯುಎಸ್‌ಆರ್ ಲೋಕಲ್ ಬಿನ್‌ನಲ್ಲಿ ನೀವು ಕಟ್ಟಿದ 7. ನಿಮ್ಮ ಟರ್ಮಿನಲ್ ಲೋಕಲ್ ಅನ್ನು ಮೊದಲು ನೋಡುತ್ತದೆ, ಹೊಸದು ಓಡುತ್ತದೆ. ಕ್ರಾನ್‌ಗೆ ನಿಮ್ಮ ಪಾತ್ (ಆಜ್ಞೆಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಗೊತ್ತಿಲ್ಲ. ಅದು ಯುಎಸ್‌ಆರ್ ಬಿನ್, ಬಿನ್ ಎರಡನ್ನು ಮಾತ್ರ ನೋಡುತ್ತದೆ. ಹಳೇದು ಸಿಗುತ್ತದೆ, ಅದನ್ನೇ ಓಡಿಸುತ್ತದೆ. ನೀವು ಮ್ಯಾಜಿಕ್ ಅಂತ ಬರೆದಿದ್ದರೆ ಕ್ರಾನ್‌ಗೆ ಸಿಗದೆ ಎರರ್ ಆದರೂ ಬರುತ್ತಿತ್ತು, ಬೇಗ ಗೊತ್ತಾಗುತ್ತಿತ್ತು. ಆ ಎಚ್ಚರಿಕೆಯೂ ಅದೇ, ಏಳರಲ್ಲಿ ಕನ್ವರ್ಟ್ ಬಿಟ್ಟು ಮ್ಯಾಜಿಕ್ ಬಳಸಿ ಅನ್ನುತ್ತದೆ. ಸ್ಕ್ರಿಪ್ಟ್‌ನಲ್ಲಿ ಯುಎಸ್‌ಆರ್ ಲೋಕಲ್ ಬಿನ್ ಮ್ಯಾಜಿಕ್ ಅಂತ ಪೂರ್ತಿ ದಾರಿ ಬರೆಯಿರಿ.

ಶಿರಸಿ ಟರ್ಮಿನಲ್:
ಹಳೇದನ್ನು ಅಳಿಸಿಬಿಡೋಣ ಅಂತ ಮಾತ್ರ ಹೋಗಬೇಡಿ. ಬೇರೆ ಯಾವುದೋ ಪ್ಯಾಕೇಜ್ ಅದನ್ನು ನಂಬಿಕೊಂಡಿರಬಹುದು. ಎರಡರ ಲೈಬ್ರರಿ ಹೆಸರೂ ಬೇರೆ ಬೇರೆ, ಜೊತೆಗಿದ್ದರೆ ತೊಂದರೆ ಇಲ್ಲ.

ಗದಗ ಗ್ನೂ:
ಸೋರ್ಸ್ ಫೋಲ್ಡರನ್ನೂ ಅಳಿಸಬೇಡಿ. ಮುಂದೆ ತೆಗೆಯಬೇಕು ಅನಿಸಿದರೆ ಅದೇ ಫೋಲ್ಡರ್‌ನಲ್ಲಿ ಸುಡೋ ಮೇಕ್ ಅನ್‌ಇನ್‌ಸ್ಟಾಲ್ ಹೊಡೆಯಬೇಕು. ಮುಂದಿನ ಸಲ ಚೆಕ್‌ಇನ್‌ಸ್ಟಾಲ್ ಬಳಸಿ, ಅದು ಡೆಬ್ ಪ್ಯಾಕೇಜ್ ಮಾಡಿಕೊಡುತ್ತದೆ, ಆಪ್ಟ್‌ನಿಂದಲೇ ತೆಗೆಯಬಹುದು.

ಹಾವೇರಿ ಮೇಷ್ಟ್ರು:
ಪೂರ್ತಿ ದಾರಿ ಬರೆದೆ. ಬೆಳಗಿನವರೆಗೆ ಕಾಯದೆ ಕ್ರಾನ್ ಸಮಯವನ್ನು ಐದು ನಿಮಿಷ ಮುಂದಕ್ಕೆ ಇಟ್ಟು ನೋಡಿದೆ. ಸರಿಯಾಗಿ ಬಂತು. ಆ ತಾಯಿಗೆ ಮೊದಲು ಕಳಿಸಿದೆ, "ಈಗ ಸರಿ ಇದೆ ಸರ್" ಅಂದರು. ನಾಳೆಯ ಗಾದೆ "ಮಾತು ಬೆಳ್ಳಿ, ಮೌನ ಬಂಗಾರ".

ದಾವಣಗೆರೆ ಪ್ರೆಸ್:
ಮೇಷ್ಟ್ರೇ, ಆ 365 ಗಾದೆಯ ಫೈಲ್ ಕೊಡುತ್ತೀರಾ? ಕ್ಯಾಲೆಂಡರ್ ಮಾಡುವ ಯೋಚನೆ ಇದೆ. ಯೂನಿಕೋಡ್‌ನಲ್ಲೇ ಮಾಡುತ್ತೇನೆ, ಇಂಕ್‌ಸ್ಕೇಪ್ ಇಳಿಸಿಕೊಂಡಿದ್ದೇನೆ.

ಹಾವೇರಿ ಮೇಷ್ಟ್ರು:
ಖಂಡಿತ ಕೊಡುತ್ತೇನೆ. ಶಾಲೆಗೆ ಒಂದು ಕ್ಯಾಲೆಂಡರ್ ಕಳಿಸಿ.